ಮರಿಗಳದೋ, ದೊಡ್ಡವುಗಳದೋ?

"ವಯಸ್ಸೆಷ್ಟು ಮೇಡಮ್, ನಿಮ್ಮನೆ ಗಿನಿ ಪಿಗ್‌ಗಳಿಗೆ?"

ಸಾಕುಪ್ರಾಣಿಗಳ ಅಂಗಡಿಯ ಆನಂದ್ ಆಹಾರದ ಎರಡು ಪೊಟ್ಟಣಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ಕೇಳಿದಾಗ ಜಲಜಾ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಒಬ್ಬಳೇ ಬಂದಿದ್ದರೆ ತಟ್ಟನೆ ಹೇಳಿಬಿಡುತ್ತಿದ್ದಳು. ಆದರೆ ಏಳು ವರ್ಷದ ಮಗಳು ಸ್ಮೃತಿ ಪಕ್ಕದಲ್ಲೇ, ಮೀನಿನ ತೊಟ್ಟಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು.

"ಯಾವ್ದಾದ್ರೂ ಒಂದು ಕೊಡಿ. ಎಲ್ಲಾ ಒಂದೇ ತಾನೆ?"

"ಅಯ್ಯೋ, ಹಂಗನ್ಬೇಡಿ! ಇಷ್ಟು ದಿನ ಏನ್ ಹಾಕ್ತಿದ್ರಿ?"

"ಮೊಲದ ಫುಡ್ಡು. ನೋಡೋಕೆ ಹಂಗೇ ಇರುತ್ತಲ್ಲ ಅಂತ..."

ಆನಂದ್ ಹಣೆ ಚಚ್ಚಿಕೊಂಡ. ಮಾತಿನ ಮನುಷ್ಯ ಅವನು. ಗಿರಾಕಿ ಸುಮ್ಮನಿದ್ದಷ್ಟೂ ಹುರುಪು ಹೆಚ್ಚು. "ಎಲ್ರೂ ಮಾಡೋ ತಪ್ಪೇ ಇದು ಮೇಡಮ್. ಮೊಲಕ್ಕೆ ವಿಟಮಿನ್ ಸಿ ಅದರ ಮೈಯಲ್ಲೇ ತಯಾರಾಗುತ್ತೆ. ಇವಕ್ಕೆ ಆಗಲ್ಲ, ನಮ್ ಥರಾನೇ. ಊಟದಿಂದ್ಲೇ ಸಿಗ್ಬೇಕು. ಬರೀ ಮೊಲದ್ದು ಹಾಕ್ತಾ ಹೋದ್ರೆ ಮೊದ್ಲು ಕಾಲು ಎಳೀತವೆ, ಆಮೇಲೆ ತಿನ್ನೋದು ಬಿಡ್ತವೆ, ಆಮೇಲೆ..." ಹುಡುಗಿಯ ಕಡೆ ಕಣ್ಣು ಹಾಯಿಸಿ ಉಳಿದದ್ದನ್ನು ನುಂಗಿಕೊಂಡ.

ಜಲಜಾ ಅದೆಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಬಿಳಿಯದಕ್ಕೆ ಕೊಬ್ಬರಿ, ಕಂದು ಬಣ್ಣದ್ದಕ್ಕೆ ಬೆಲ್ಲ ಎಂದು ಸ್ಮೃತಿಯೇ ಹೆಸರಿಟ್ಟಿದ್ದ ಜೋಡಿ ಕಾಲೆಳೆಯತೊಡಗಿದಾಗ, ಮಗಳನ್ನು ಕೆಂಗೇರಿಯ ಅಜ್ಜಿ ಮನೆಗೆ ಕಳಿಸಿಬಿಟ್ಟಿದ್ದಳು. ಅಷ್ಟು ಚಿಕ್ಕ ಮಗುವಿಗೆ ಸಾವೆಂದರೇನೆಂದು ಹೇಗೆ ಹೇಳುವುದು? ಮಗಳು ವಾಪಸು ಬರುವಷ್ಟರಲ್ಲಿ ಕಾಮಾಕ್ಷಿಪಾಳ್ಯದ ಯಾವುದೋ ಅಂಗಡಿಯಿಂದ ಅದೇ ಬಣ್ಣದ ಇನ್ನೊಂದು ಜೋಡಿ ಗೂಡಿನಲ್ಲಿತ್ತು. ಅದೂ ಉಳಿಯಲಿಲ್ಲ. ಮತ್ತೆ ಅಜ್ಜಿ ಮನೆ, ಮತ್ತೆ ಅಂಗಡಿ. ಕಳೆದ ವಾರ ಬಾಪೂಜಿ ನಗರದಲ್ಲಿ ಸಿಕ್ಕಿದ್ದು ಅಂಗೈಯಗಲದ ಮರಿಗಳು. "ಬಿಸಿಲಿಗೆ ಇಳಿದುಹೋಗಿವೆ ಕಣೇ" ಎಂದಿದ್ದಳು ಮಗಳಿಗೆ. ಸ್ಮೃತಿ ಗೂಡನ್ನೇ ನೋಡುತ್ತಾ "ಹೂಂ" ಅಂದಿದ್ದಳು, ಅಷ್ಟೇ.

"ಇದು ಆರು ತಿಂಗಳೊಳಗಿನ ಮರಿಗಳದ್ದು, ಇದು ದೊಡ್ಡವುಗಳದ್ದು," ಆನಂದ್ ಪೊಟ್ಟಣಗಳ ತಲೆ ತಟ್ಟಿದ. "ಮರಿಗೆ ದೊಡ್ಡವುಗಳದ್ದು ಹಾಕಿದ್ರೆ ಬೆಳೆಯೋಕೆ ಸಾಲಲ್ಲ. ದೊಡ್ಡವಕ್ಕೆ ಮರೀದು ಹಾಕಿದ್ರೆ ಮೂತ್ರದಲ್ಲಿ ಕಲ್ಲು ಕಟ್ಕೊಳ್ಳುತ್ತೆ. ಅದಕ್ಕೇ ವಯಸ್ಸು ಕೇಳಿದ್ದು."

ಮರಿಗಳದ್ದು ಎಂದರೆ ಗುಟ್ಟು ಇಲ್ಲೇ ರಟ್ಟಾಗುತ್ತದೆ. ದೊಡ್ಡವುಗಳದ್ದು ಎಂದರೆ ಈ ಜೋಡಿಯೂ ಸೊರಗುತ್ತದೆ. ಜಲಜಾಳ ಕೈ ದೊಡ್ಡವುಗಳ ಪೊಟ್ಟಣದ ಮೇಲೆ ಹೋಗಿ ಕೂತಿತು.

"ಎರಡು ವರ್ಷದವು," ಎಂದಳು.

"ಅಂಕಲ್," ಸ್ಮೃತಿ ಗಾಜಿನಿಂದ ಮೂಗು ತೆಗೆಯದೆಯೇ ಕೇಳಿದಳು, "ದೊಡ್ಡದಾಗದೇ ಇರೋಕೆ ಏನ್ ತಿನ್ನಿಸ್ಬೇಕು?"

ಆನಂದ್ ಗೊಳ್ಳೆಂದು ನಕ್ಕ. "ಎಲ್ರೂ ಬೇಗ ದೊಡ್ಡದಾಗ್ಲಿ ಅಂತ ಬರ್ತಾರೆ, ನಿಂದೊಳ್ಳೆ ಕಥೆಯಾಯ್ತಲ್ಲ ಪುಟ್ಟಿ! ಯಾಕಮ್ಮಾ?"

"ನಮ್ಮನೇವು ದೊಡ್ಡದಾದ್ಮೇಲೆ ವಾಪಸ್ ಚಿಕ್ಕದಾಗ್ಬಿಡ್ತವೆ. ನನ್ನನ್ನ ಅಜ್ಜಿ ಮನೆಗೆ ಕಳಿಸ್ದಾಗ."

ಆನಂದನ ನಗು ಅರ್ಧಕ್ಕೇ ನಿಂತಿತು. ಜಲಜಾಳ ಮುಖವನ್ನೊಮ್ಮೆ ನೋಡಿದ. ಏನೂ ಕೇಳದೆ, ಅವಳ ಕೈಕೆಳಗಿದ್ದ ಪೊಟ್ಟಣವನ್ನು ಮೆಲ್ಲಗೆ ಎಳೆದುಕೊಂಡು, ಮರಿಗಳದ್ದನ್ನು ಚೀಲಕ್ಕೆ ಹಾಕಿದ. "ಇದೇ ತಗೊಂಡ್ಹೋಗಿ ಮೇಡಮ್. ಜೊತೆಗೆ ಒಣಹುಲ್ಲು ಮಾತ್ರ ತಪ್ಪಿಸ್ಬೇಡಿ," ಎಂದ.

ಹಾವನೂರು ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ, ಹಿಂದೆ ಕೂತು ಸೊಂಟ ತಬ್ಬಿಕೊಂಡಿದ್ದ ಸ್ಮೃತಿ ಕೇಳಿದಳು.

"ಅಮ್ಮ, ಈಗಿರೋದು ಮೂರನೇ ಕೊಬ್ಬರಿ ಅಲ್ವಾ?"

"ಯಾರೇ ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ. ಮೊದಲನೇ ಕೊಬ್ಬರಿ ನನ್ನ ಕಂಡ್ರೆ ಸೀಟಿ ಹೊಡೀತಿತ್ತು. ಎರಡನೇದು ಬೆರಳು ನೆಕ್ತಿತ್ತು. ಇದು ಮೂಲೆಗೆ ಹೋಗಿ ನಡುಗುತ್ತೆ." ದನಿಯಲ್ಲಿ ಅಳುವಿರಲಿಲ್ಲ, ಮಗ್ಗಿ ಒಪ್ಪಿಸುವಂತೆ ಹೇಳುತ್ತಿದ್ದಳು. "ನೀನು ಬೇಜಾರ್ ಮಾಡ್ಕೋತೀಯ ಅಂತ ನಾನು ಗೊತ್ತಿಲ್ದೇ ಇರೋ ಥರ ಇದ್ದೆ."

ಜಲಜಾ ಸೊಂಟ ತಬ್ಬಿದ್ದ ಆ ಕೈಯನ್ನು ಒತ್ತಿ ಹಿಡಿದಳು. "ತಪ್ಪಾಯ್ತು ಕಂದ. ಇನ್ಮೇಲೆ ಹಂಗೆಲ್ಲ ಮಾಡಲ್ಲ. ಈ ಫುಡ್ ಹಾಕಿದ್ರೆ ಇವೆರಡೂ ಚೆನ್ನಾಗಿರ್ತವೆ, ನೋಡ್ತಿರು."

"ಹೂಂ," ಎಂದಳು ಸ್ಮೃತಿ. ಪಕ್ಕದಲ್ಲಿ ಬಸ್ಸೊಂದು ಬಂದು ಉಸಿರುಬಿಟ್ಟು ನಿಂತಿತು. "ಅಮ್ಮ, ನಾನು ಎಷ್ಟನೇ ಸ್ಮೃತಿ?"

ನಕ್ಕು, "ನೀನೊಬ್ಳೇ ಕಣೇ" ಎನ್ನಬೇಕಿತ್ತು. ನಗು ಬರಲಿಲ್ಲ. ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ವಾರದಲ್ಲೇ ಕಣ್ಣು ಮುಚ್ಚಿದ ಚೊಚ್ಚಲ ಹೆಣ್ಣುಮಗುವಿನ ಮಾತನ್ನು ಜಲಜಾ ಮತ್ತು ಗಂಡ ಗೋಪೀನಾಥ ತಮ್ಮತಮ್ಮಲ್ಲೂ ಆಡುತ್ತಿರಲಿಲ್ಲ. ಮರುವರ್ಷ ಹುಟ್ಟಿದವಳಿಗೆ ಅದೇ ತೊಟ್ಟಿಲು, ಅದೇ ಬೆಳ್ಳಿಯ ಉಡಿದಾರ, ಅದೇ ಹೆಸರು.

ಹಸಿರು ದೀಪ ಬಿತ್ತು. ಹಿಂದಿನವರು ಹಾರ್ನ್ ಒತ್ತತೊಡಗಿದರು. ಜಲಜಾಳ ಕೈ ಆಕ್ಸಿಲರೇಟರ್ ತಿರುಗಿಸಲಿಲ್ಲ. ಕನ್ನಡಿಯಲ್ಲಿ ಮಗಳ ಕಣ್ಣುಗಳಷ್ಟೇ ಕಾಣುತ್ತಿದ್ದವು, ಮಿಟುಕಿಸದೆ ಅವಳನ್ನೇ ನೋಡುತ್ತಿದ್ದವು. ಆಮೇಲೆ ಪುಟ್ಟ ಗಲ್ಲ ಬಂದು ಅವಳ ಭುಜದ ಮೇಲೆ ಕೂತಿತು.

"ಮೊದಲನೇ ಸ್ಮೃತಿ ನಿನ್ನ ಕಂಡ್ರೆ ಏನ್ ಮಾಡ್ತಿದ್ಲಮ್ಮ?"