ಪೆಟ್ಟಿಗೆಯ ಬೆನ್ನಿಗೊಂದು ತೂತು

ಆಂಪ್ಲಿಫೈಯರಿನ ಗಾಜಿನ ವಾಲ್ವಿನೊಳಗಿನ ತಗಡು ಕಾದು ಕೆಂಪಾಗತೊಡಗಿತು. “ಆಫ್ ಮಾಡು, ಸುಟ್ಟುಹೋಗುತ್ತೆ. ನಾನು ಕೂರಿಸಿದ್ದು ಇಷ್ಟು ವರ್ಷ ತೆಪ್ಪಗೆ ಕೂತಿತ್ತು,” ಎಂದಳು ಅಮ್ಮ. ಆ ಗಿಟಾರ್ ಆಂಪ್ಲಿಫೈಯರನ್ನು ಮದುವೆಗೆ ಮೊದಲು ಅವಳೇ ಕಟ್ಟಿದ್ದಳು. ವಾಲ್ವ್ ಎಷ್ಟು ಕರೆಂಟು ಎಳೆಯಬೇಕೆಂಬ ಬಯಾಸನ್ನು ಒಂದು ರೆಸಿಸ್ಟರಿನಲ್ಲಿ ಕಾಯಂ ಮಾಡಿ ಬೆಸುಗೆ ಹಾಕಿದ್ದಳು. ಹಳೆಯವು ಕೆಟ್ಟ ಮೇಲೆ ತಂದ ಹೊಸ ವಾಲ್ವುಗಳು ಆ ಲೆಕ್ಕಕ್ಕೆ ಬಗ್ಗಲಿಲ್ಲ. ಇವತ್ತು ಮಗಳು ಆ ರೆಸಿಸ್ಟರನ್ನು ಕಿತ್ತು, ತಿರುಗಿಸಿ ಹೊಂದಿಸಬಹುದಾದ ಪುಟ್ಟ ಸ್ಕ್ರೂ ಕೂರಿಸಿದ್ದಳು. ಆಗಿನಿಂದ ಅಮ್ಮನ ಮುಖ ಬಿಗಿದುಕೊಂಡೇ ಇತ್ತು.

“ಸ್ವಲ್ಪ ತಡಿಯಮ್ಮ.” ಮಗಳು ತೆರೆದ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಇಳಿಸಿದಳು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಕರೆಂಟಿರುವಾಗ ಎರಡೂ ಕೈ ಒಳಗೆ ಹೋಗಬಾರದೆಂದು ಅವಳು ಚಿಕ್ಕವಳಿದ್ದಾಗ ಅಮ್ಮನೇ ಹೇಳಿಕೊಟ್ಟಿದ್ದು. ಅಮ್ಮನ ಕಣ್ಣು ವಾಲ್ವಿನಿಂದ ಜಾರಿ ಆ ಎಡಗೈಯ ಮೇಲೆ ನಿಂತಿತು. ಸ್ಕ್ರೂ ಕೂದಲೆಳೆಯಷ್ಟು ತಿರುಗಿತು, ಮತ್ತೊಂದಿಷ್ಟು ತಿರುಗಿತು. ಕೆಂಪು ಮಾಸಿ ತಗಡು ಬೂದು ಬಣ್ಣಕ್ಕೆ ಮರಳಿತು. ಮಗಳು ಗಿಟಾರಿನ ತಂತಿ ಮೀಟಿದಳು. ನಾದ ಕೋಣೆ ತುಂಬಿ, ನಿಧಾನವಾಗಿ ಇಳಿಯಿತು.

“ಪರವಾಗಿಲ್ವಾ? ಇನ್ನೂ ಕೋಪಾನಾ?”

ಅಮ್ಮ ಪೆಟ್ಟಿಗೆಯ ಹಿಂದಕ್ಕೆ ಬಂದಳು. ಇಷ್ಟು ವರ್ಷ ಒಂದು ಗೀರೂ ಬೀಳಗೊಡದೆ ಕಾಪಾಡಿದ ಪೆಟ್ಟಿಗೆಯ ಬೆನ್ನಿಗೆ, ಆ ಸ್ಕ್ರೂವಿನ ನೇರಕ್ಕೆ, ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಳು.

“ಆಫ್ ಮಾಡಿ ಡ್ರಿಲ್ ತಗೊಂಡು ಬಾ. ಇಲ್ಲೊಂದು ತೂತು ಕೊರೆದುಕೊಡ್ತೀನಿ, ಹೊರಗಿಂದಲೇ ತಿರುಗಿಸ್ಕೋ. ಪ್ರತಿ ಸಲ ಒಳಗೆ ಕೈ ಹಾಕ್ತಾ ಕೂರಬೇಡ.”