ಪಂಚಮಿಯ ದಿನದ ಏಕಾದಶಿ

ನೆಲ್ಲಿಕಾಯಿ ಹೆಚ್ಚಿದ ವಾಸನೆ ಬಂದರೆ ಈಗಲೂ ಪುಣೆಯ ನಮ್ಮ ಹಳೆಯ ವಾಡೆ-ಮನೆಯ ಆ ಬೆಳಗು ನೆನಪಾಗುತ್ತದೆ.

ಅಜ್ಜಿಗೆ ಚಳಿಜ್ವರ ಬಂದಿತ್ತು. ಅರಳುಮರಳು ಮೊದಲೇ ಹತ್ತಿತ್ತು. ಡಾಕ್ಟರು ಕೊಟ್ಟ ಔಷಧ ಕಂಡದ್ದೇ ಮುಖ ತಿರುಗಿಸಿದಳು. "ಇವತ್ತ ಏಕಾದಶಿ. ನಾ ಏನೂ ತೊಗೊಳ್ಳೂದಿಲ್ಲ."

ಅಂದು ಪಂಚಮಿ.

ಅಪ್ಪ ಔಷಧದ ಬಟ್ಟಲು ಹಿಡಿದು ಅವ್ವನಿಗೆ ಹೇಳಿದ, "ಆಕಿಗೆ ತಿಳಿಯೂದಿಲ್ಲ. ನೀ ಕೈ ಹಿಡಿ, ನಾ ಬಾಯಾಗ ಹಾಕ್ತೀನಿ."

ಅವ್ವ ಹಿಡಿಯಲಿಲ್ಲ. "ಅವರಿಗೆ ತಿಥಿ ಮರತದ, ನೇಮ ಮರತಿಲ್ರಿ. ನಾಳೆ ಉಪವಾಸ ಬಿಡುವಾಗ ಕೇಳೂಣು."

"ಅಷ್ಟರಾಗ ಜ್ವರ ಏರಿದ್ರ?"

ಅವ್ವ ಒಲೆಗೆ ನೀರು ಚಿಮುಕಿಸಿ ಆರಿಸಿದಳು. ಆ ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನನಗೊಂದು ಬಾಳೆಹಣ್ಣು ಸಿಕ್ಕಿತು. ಅಪ್ಪ ಅಜ್ಜಿಯ ಹಣೆ ಮುಟ್ಟಿ ನೋಡುತ್ತಲೇ ಇದ್ದ.

ಮರುದಿನ ಬೆಳಗ್ಗೆ ಅವ್ವ ಉಪವಾಸ ಬಿಡಲೆಂದು ಹೆಚ್ಚಿದ ನೆಲ್ಲಿಕಾಯಿಯ ಪಕ್ಕದಲ್ಲಿ ಔಷಧ ಇಟ್ಟಳು. "ಅತ್ಯಾ, ಇದು ತೀರ್ಥ ಅಲ್ರಿ. ಜ್ವರದ ಔಷಧ, ಭಾಳ ಕಹಿ ಅದ. ತೊಗೋತೀರೇನು?"

ಅಜ್ಜಿ ಬಟ್ಟಲನ್ನು ತಾನೇ ಎತ್ತಿ ಕುಡಿದಳು. ಮುಖ ಕಿವಿಚಿ, ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡು ನನ್ನತ್ತ ನೋಡಿದಳು.

"ಮೊದಲ ಕೂಸಿಗೆ ಉಣ್ಣಲಿಕ್ಕೆ ಹಾಕು. ನಿನ್ನೆಯಿಂದ ಹಸದದ."

ಒಲೆ ಹೊತ್ತಿಸಲು ಅಪ್ಪನೇ ಎದ್ದ.