ಬೆಳ್ಳಿಹಬ್ಬದ ಊಟ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ಹೆಂಡತಿಯನ್ನು ಮೊದಲ ಸಲ ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ಯಬೇಕೆಂದು ಅವನು ನಿರ್ಧರಿಸಿದ. ಪೆಪ್ಪರ್‌ಮೆಂಟೊಂದನ್ನು ಬಾಯಿಗೆ ಹಾಕಿಕೊಂಡು, ಅದರ ಕಾಗದವನ್ನು ಎಂದಿನಂತೆ ಅಂಗಿಯ ಜೇಬಿಗೆ ತುರುಕಿ ಕೇಳಿದ.

"ಕೆರೆ ಎದುರಿನ ಹೋಟೆಲ್ ಆಗಬಹುದಾ?"

"ಅಯ್ಯೋ ಬೇಡ ರೀ, ಅಲ್ಲಿ ಎಲ್ಲದಕ್ಕೂ ಎಣ್ಣೆ ಸುರೀತಾರೆ," ಎಂದಳು ಅವಳು, ಒಣಗಿದ ಬಟ್ಟೆ ಮಡಿಸುತ್ತ.

ಅವನ ಹುಬ್ಬು ಗಂಟಿಕ್ಕಿತು. ಅವಳು ಆ ಬೀದಿಯ ಕಡೆಗೇ ಹೋದವಳಲ್ಲ.

"ಸರಿ, ಹದಿನಾಲ್ಕನೇ ಮಹಡೀಲಿ ಇದೆಯಲ್ಲ, ಅದು?"

"ಅಲ್ಲಿ ಬರೀ ಹೊಗೆ. ಎರಡು ದಿನ ಆದ್ರೂ ವಾಸನೆ ಬಿಡಲ್ಲ."

"ಹಳೇ ಬಂಗಲೆಯದು?"

"ಊಟ ಏನೋ ಗೊತ್ತಿಲ್ಲ. ಆದ್ರೆ ಅವರು ಕೊಡೋ ಪಾನ್ ಮೈಮೇಲೆಲ್ಲ ಸೋರುತ್ತೆ."

ಅವನಿಗೆ ತಾನು ಟೂರಿನ ಮೇಲಿದ್ದ ದಿನಗಳೆಲ್ಲ ಒಂದೊಂದಾಗಿ ನೆನಪಾದವು. ಆ ಸಂಜೆಗಳಲ್ಲಿ ಇವಳು ಎಲ್ಲಿರುತ್ತಿದ್ದಳು?

"ನಾನೇ ಆ ಹೋಟೆಲುಗಳ ಹೊಸ್ತಿಲು ತುಳಿದಿಲ್ಲ, ನಿನಗೆ ಹೇಗೆ ಗೊತ್ತು?" ಎಂದು ದನಿ ಏರಿಸಿದ. "ಯಾರ ಜೊತೆ ಹೋಗಿದ್ದೆ? ನಿಜ ಹೇಳು."

ಅವಳು ಅವನದೊಂದು ಬಿಳಿ ಅಂಗಿಯನ್ನು ನೀಟಾಗಿ ಮಡಿಸಿ ಅವನ ಮುಂದಿಟ್ಟಳು.

"ನಾನೆಲ್ಲೂ ಹೋಗಿಲ್ಲ ರೀ. ಒಗೆಯೋ ಮುಂಚೆ ನಿಮ್ಮ ಅಂಗಿಯ ಕಲೆ, ಜೇಬು ಎಲ್ಲ ನೋಡ್ತೀನಿ, ಅಷ್ಟೆ. ಹೋಟೆಲ್ ಹೆಸರಿರೋ ಸೋಂಪಿನ ಖಾಲಿ ಪೊಟ್ಟಣ ಸಿಗುತ್ತೆ, ಯಾವಾಗ್ಲೂ ಎರಡೆರಡು."